ಕಂದು, ಬಿಳಿ, ಗೋಲ್ಡನ್, ಕಪ್ಪು: ಮಾಂಸಕ್ಕೆ ಯಾವ ಬಣ್ಣದ ಗೌಜಲಹಕ್ಕಿ ಸಾಕಬೇಕು?

ಗೌಜಲಹಕ್ಕಿ ಸಾಕಬೇಕು ಅಂತ ಮನಸ್ಸು ಮಾಡಿ ಮರಿ ಕೊಳ್ಳಲು ಹೋದರೆ ಮೊದಲು ಕಣ್ಣಿಗೆ ಬೀಳುವುದೇ ಬಣ್ಣ. ಒಂದು ಪೆಟ್ಟಿಗೆಯಲ್ಲಿ ಕಂದು ಪಟ್ಟೆಯ ಮರಿ, ಪಕ್ಕದಲ್ಲಿ ಅರಿಶಿನ ಬಣ್ಣದ್ದು, ಇನ್ನೊಂದರಲ್ಲಿ ಪೂರ್ತಿ ಬಿಳಿ. ಮಾರುವವರು ಹೇಳುವುದೂ ಬಣ್ಣದ ಮಾತೇ. ಬಿಳಿಯದರ ಮಾಂಸ ಮೆತ್ತಗೆ, ಗೋಲ್ಡನ್ ಬೇಗ ದಪ್ಪ ಆಗುತ್ತದೆ, ಕಪ್ಪು ಹಕ್ಕಿ ಔಷಧಿ ಇದ್ದ ಹಾಗೆ. ನಾನೂ ಇದನ್ನೆಲ್ಲ ನಂಬಿ ದುಡ್ಡು ಕೊಟ್ಟವನೇ. ಈ ಮಾತುಗಳಲ್ಲಿ ಎಷ್ಟು ನಿಜ, ಬಣ್ಣ ಎಲ್ಲಿ ಲೆಕ್ಕಕ್ಕೆ ಬರುತ್ತದೆ, ಎಲ್ಲಿ ಬರುವುದಿಲ್ಲ ಅಂತ ಬಿಡಿಸಿ ಹೇಳೋಣ ಅಂತ ಕೂತಿದ್ದೇನೆ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಮಾಂಸದ ರುಚಿ, ಮೆದು, ಕೆಂಪು, ಇವನ್ನೆಲ್ಲ ಗರಿಯ ಬಣ್ಣ ನೋಡಿ ಆರಿಸಬೇಡಿ. ತಳಿಯ ತೂಕ ನೋಡಿ, ಕೊಯ್ಯುವ ವಯಸ್ಸು ನೋಡಿ, ಮೇವು ನೋಡಿ. ಬಣ್ಣ ನಿಜವಾಗಿ ಲೆಕ್ಕಕ್ಕೆ ಬರುವುದು ಮೂರು ಕಡೆ ಮಾತ್ರ: ಪುಕ್ಕ ಕಿತ್ತ ಮೇಲೆ ಚರ್ಮ ಹೇಗೆ ಕಾಣುತ್ತದೆ, ಗಂಡು ಹೆಣ್ಣು ಯಾವಾಗ ಗೊತ್ತಾಗುತ್ತದೆ, ಮತ್ತೆ ಮೊಟ್ಟೆಯಿಂದ ಎಷ್ಟು ಮರಿ ಸಿಗುತ್ತದೆ. ಮೂರನೆಯದರಲ್ಲಿ ನಾನು ಪೆಟ್ಟು ತಿಂದಿದ್ದೇನೆ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಯಾವ ಹಕ್ಕಿಯ ಮಾತು ಅಂತ ಸ್ಪಷ್ಟ ಮಾಡಿಕೊಳ್ಳೋಣ. ಗೌಜಲು, ಗೌಜಿಗ, ಕರಾವಳಿ ಕಡೆ ಬುರ್ಲಿ, ಅಂಗಡಿಯಲ್ಲಿ ಕ್ವೇಲ್, ಹೀಗೆ ಹೆಸರು ಬೇರೆ ಬೇರೆ. ನಾವು ಸಾಕುವುದು ಜಪಾನಿ ಗೌಜಲು. ಹೊಲದ ಬದುವಿನಲ್ಲಿ ಓಡಾಡುವ ಕಾಡು ಗೌಜಲನ್ನು ಹಿಡಿಯುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ, ಅದರ ತಂಟೆಗೆ ಹೋಗಬೇಡಿ. ಜಪಾನಿ ಗೌಜಲು ನಮ್ಮ ದೇಶಕ್ಕೆ 1974ರಲ್ಲಿ ಕ್ಯಾಲಿಫೋರ್ನಿಯಾದಿಂದ ಬಂತು. ಆಮೇಲೆ ಬರೇಲಿ ಪಕ್ಕದ ಇಜ್ಜತ್‌ನಗರದ ಕೇಂದ್ರೀಯ ಪಕ್ಷಿ ಸಂಶೋಧನಾ ಸಂಸ್ಥೆ (ಇಂಗ್ಲಿಷಿನಲ್ಲಿ ಚಿಕ್ಕದಾಗಿ ಕ್ಯಾರಿ) ಅದರಿಂದ ಹಲವು ತಳಿ ಮಾಡಿತು. ಕ್ಯಾರಿ ಉತ್ತಮ್, ಎದೆ ಬಿಳಿಯಿರುವ ಕ್ಯಾರಿ ಉಜ್ವಲ್, ಪೂರ್ತಿ ಬಿಳಿಯ ಕ್ಯಾರಿ ಶ್ವೇತಾ, ಬಂಗಾರದ ಬಣ್ಣದ ಕ್ಯಾರಿ ಸುನೇಹರಿ, ಮೊಟ್ಟೆಗೆ ಕ್ಯಾರಿ ಪರ್ಲ್. ತಮಿಳುನಾಡಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದವರ ನಾಮಕ್ಕಲ್ ಕ್ವೇಲ್ ಕೂಡ ದಕ್ಷಿಣದಲ್ಲಿ ಹೆಸರಾಗಿದೆ.

ಒಂದು ವಿಷಯ ಗಮನಿಸಿ. ಇವೆಲ್ಲ ತಳಿಯ ಹೆಸರು, ಬರೀ ಬಣ್ಣದ ಹೆಸರಲ್ಲ. ಒಂದು ತಳಿಯನ್ನು ತಲೆಮಾರುಗಟ್ಟಲೆ ತೂಕಕ್ಕೆ ಅಂತ ಆರಿಸಿದ್ದರೆ ಅದು ದಪ್ಪ ಆಗುತ್ತದೆ, ಬಣ್ಣ ಯಾವುದಾದರೂ ಇರಲಿ. ಮೊಟ್ಟೆಗೆ ಅಂತ ಆರಿಸಿದ್ದರೆ ಸಣಕಲಾಗಿಯೇ ಇರುತ್ತದೆ. ಅಮೆರಿಕದಲ್ಲಿ ಟೆಕ್ಸಾಸ್ ಎ ಅಂಡ್ ಎಂ ಅನ್ನುವ ಬಿಳಿ ಗೌಜಲು ಇದೆ, ತಲೆ ಮೇಲೆ ಒಂದೆರಡು ಕಪ್ಪು ಚುಕ್ಕೆ. ಅದನ್ನು ಮಾಂಸಕ್ಕೆ ಅಂತಲೇ ಬೆಳೆಸಿದ್ದು. ಅದು ದೊಡ್ಡದಾಗಿ ಬೆಳೆಯುವುದನ್ನು ನೋಡಿ ಜನ ಬಿಳಿ ಅಂದರೆ ದಪ್ಪ ಅಂದುಕೊಂಡರು. ದಪ್ಪ ಆಗಿದ್ದು ಆರಿಸಿದ್ದರಿಂದ, ಬಿಳಿ ಅದರ ಜೊತೆಗೆ ಬಂತು ಅಷ್ಟೇ.

ಗರಿಯ ಬಣ್ಣ ಬೇರೆ, ಮಾಂಸದ ಬಣ್ಣ ಬೇರೆ

ಗರಿಗೆ ಬಣ್ಣ ಕೊಡುವುದು ಮೆಲನಿನ್. ಅದರಲ್ಲಿ ಎರಡು ಬಗೆ, ಒಂದು ಕಪ್ಪು-ಕಂದು, ಇನ್ನೊಂದು ಕೆಂಪು-ಹಳದಿ. ಯಾವುದು ಎಲ್ಲಿ ಎಷ್ಟು ಅಂತ ತೀರ್ಮಾನಿಸುವುದು ಕೆಲವು ಜೀನ್‌ಗಳು, ಅಂದರೆ ಅಪ್ಪ-ಅಮ್ಮನಿಂದ ಬರುವ ವಂಶವಾಹಿಗಳು. ಮಾಂಸಕ್ಕೆ ಕೆಂಪು ಕೊಡುವುದು ಮಯೋಗ್ಲೋಬಿನ್, ಕಬ್ಬಿಣ ಇರುವ ಪ್ರೋಟೀನು. ಎರಡಕ್ಕೂ ಸಂಬಂಧ ಇಲ್ಲ. ಗೌಜಲಿನ ಎದೆ ಮಾಂಸ ಬ್ರಾಯ್ಲರ್ ಕೋಳಿಯ ಎದೆಗಿಂತ ಕೆಂಪಗೆ ಇರುತ್ತದೆ, ಯಾಕೆಂದರೆ ಅದರಲ್ಲಿ ಕೆಂಪು ನಾರು ಜಾಸ್ತಿ. ಹಾರುವ ಹಕ್ಕಿ ಅಲ್ವಾ? ಬಿಳಿ ಗೌಜಲನ್ನು ಕೊಯ್ದು ನೋಡಿ, ಎದೆ ಅಷ್ಟೇ ಕೆಂಪಗಿರುತ್ತದೆ. ಚರ್ಮ ಮಾತ್ರ ತೆಳ್ಳಗೆ ಬೆಳ್ಳಗೆ ಕಾಣುತ್ತದೆ, ಅದನ್ನು ನೋಡಿಯೇ ಬಿಳಿ ಮಾಂಸ ಅನ್ನುವ ಮಾತು ಹುಟ್ಟಿದ್ದು.

ಹಾಗಾದರೆ ಕಡಕನಾಥ್ ಕೋಳಿ? ಅದರ ಗರಿಯೂ ಕಪ್ಪು, ಮಾಂಸವೂ ಕಪ್ಪು. ಈ ಪ್ರಶ್ನೆ ಎಲ್ಲರೂ ಕೇಳುತ್ತಾರೆ, ನ್ಯಾಯವಾದ ಪ್ರಶ್ನೆಯೇ. ಮಧ್ಯಪ್ರದೇಶದ ಝಾಬುವಾ ಕಡೆಯ ಆ ಕೋಳಿಗೆ 2018ರಲ್ಲಿ ಜಿಐ ಟ್ಯಾಗ್ ಸಿಕ್ಕಿದ ಮೇಲಂತೂ ಕಪ್ಪು ಅಂದರೆ ಒಳ್ಳೆಯದು ಅನ್ನುವ ಮಾತು ಊರೂರಿಗೆ ಹಬ್ಬಿತು. ಆದರೆ ಅದರ ಮಾಂಸ ಕಪ್ಪಾಗುವುದು ಗರಿಯ ಜೀನ್‌ನಿಂದ ಅಲ್ಲ. ಇಡಿಎನ್3 ಅನ್ನುವ ಬೇರೆ ಜೀನ್ ಇರುವ ಭಾಗ ಎರಡು ಪಟ್ಟಾಗಿ, ಮರಿ ಮೊಟ್ಟೆಯೊಳಗೆ ಇರುವಾಗಲೇ ಬಣ್ಣದ ಕಣಗಳು ಚರ್ಮ, ಮಾಂಸ, ಮೂಳೆ ಹೊದಿಕೆ ಎಲ್ಲ ಕಡೆ ಹರಡಿಬಿಡುತ್ತವೆ. ಸಿಲ್ಕಿ ಅಂತ ಇನ್ನೊಂದು ಕೋಳಿ ಇದೆ, ಹತ್ತಿಯಂಥ ಬಿಳಿ ಗರಿ, ಒಳಗೆ ಚರ್ಮ ಮಾಂಸ ಕಪ್ಪು. ಗರಿಗೂ ಮಾಂಸಕ್ಕೂ ನಂಟು ಇಲ್ಲ ಅನ್ನುವುದಕ್ಕೆ ಅದಕ್ಕಿಂತ ಸಾಕ್ಷಿ ಬೇಕಾ? ಕಪ್ಪು ಗೌಜಲು ಅಂತ ಮಾರುವ ಟಿಬೆಟನ್ ಗೌಜಲಿನಲ್ಲಿ ಬದಲಾಗಿರುವುದು ಎಂಸಿ1ಆರ್ ಅನ್ನುವ ಜೀನ್. ಅದರ ಕೆಲಸ ಗರಿಯಲ್ಲಿ. ಮಾಂಸ ಮಾಮೂಲಿ ಗೌಜಲಿನದೇ. ಅದನ್ನು ಕಡಕನಾಥ್ ತಮ್ಮ ಅಂತ ಹೆಚ್ಚು ರೇಟಿಗೆ ಕೊಟ್ಟರೆ ತಗೋಬೇಡಿ.

ಚರ್ಮ ಇಟ್ಟು ಮಾರುತ್ತೀರಾ, ಸುಲಿದು ಮಾರುತ್ತೀರಾ?

ಬಣ್ಣ ಆರಿಸುವ ಮೊದಲು ನಿಮ್ಮನ್ನು ನೀವೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಜಗತ್ತಿನ ಹೆಚ್ಚಿನ ಬ್ರಾಯ್ಲರ್ ಕೋಳಿಗಳು ಬಿಳಿ ಯಾಕೆ ಗೊತ್ತಾ? ಬಿಸಿ ನೀರಲ್ಲಿ ಅದ್ದಿ ಪುಕ್ಕ ಕಿತ್ತಾಗ ಚಿಗುರು ಗರಿಗಳ ಬುಡ ಚರ್ಮದಲ್ಲಿ ಉಳಿದುಬಿಡುತ್ತದೆ. ಗರಿ ಕಪ್ಪಗಿದ್ದರೆ ಅಲ್ಲೆಲ್ಲ ಶಾಯಿ ಚುಕ್ಕೆ ಇಟ್ಟ ಹಾಗೆ ಕಾಣುತ್ತದೆ. ತಿನ್ನುವುದಕ್ಕೆ ಏನೂ ತೊಂದರೆ ಇಲ್ಲ, ಆದರೆ ಗಿರಾಕಿ ಮುಖ ತಿರುಗಿಸುತ್ತಾನೆ. ಬಿಳಿ ಗರಿಯಾದರೆ ಬುಡ ಉಳಿದರೂ ಕಾಣುವುದಿಲ್ಲ. ಗೌಜಲನ್ನು ಐದನೇ ವಾರಕ್ಕೆ ಕೊಯ್ಯುತ್ತೇವೆ, ಆಗ ಚಿಗುರು ಗರಿ ಇನ್ನೂ ಇರುತ್ತದೆ, ಹಕ್ಕಿಯೂ ಅಂಗೈಯಗಲ, ಹಾಗಾಗಿ ಕಲೆ ಇನ್ನೂ ಎದ್ದು ಕಾಣುತ್ತದೆ. ನೀವು ಬೆಂಗಳೂರಿನ ಹೋಟೆಲಿಗೆ ಚರ್ಮ ಸಮೇತ, ಇಡೀ ಹಕ್ಕಿಯನ್ನು ತಂದೂರಿಗೋ ರೋಸ್ಟಿಗೋ ಕೊಡುವವರಾದರೆ ಬಿಳಿ ಸಾಕಿ. ಇಲ್ಲಿ ಬಿಳಿಗೆ ನಿಜವಾದ ಲಾಭ ಇದೆ. ಗೋಲ್ಡನ್ ಆದರೂ ನಡೆಯುತ್ತದೆ, ಬುಡ ತೆಳು ಬಣ್ಣದ್ದೇ.

ಆದರೆ ನಮ್ಮೂರ ಕಡೆ ಹೇಗೆ ಮಾರುತ್ತಾರೆ? ಕುತ್ತಿಗೆ ಹತ್ತಿರ ಒಂದು ಸೀಳು, ಪುಕ್ಕ ಚರ್ಮ ಎರಡನ್ನೂ ಒಟ್ಟಿಗೆ ಅಂಗಿ ಬಿಚ್ಚಿದ ಹಾಗೆ ಎಳೆದು ಬಿಸಾಕುತ್ತಾರೆ. ಅರ್ಧ ನಿಮಿಷದ ಕೆಲಸ. ಸುಲಿದ ಮೇಲೆ ನಾಲ್ಕು ಬಣ್ಣದ ನಾಲ್ಕು ಹಕ್ಕಿ ಇಟ್ಟರೆ ಯಾವುದು ಯಾವುದು ಅಂತ ಸಾಕಿದವನಿಗೂ ಗೊತ್ತಾಗುವುದಿಲ್ಲ. ಸುಲಿದು ಮಾರುವವರು ಬಿಳಿ ಮರಿಗೆ ಒಂದು ರೂಪಾಯಿ ಜಾಸ್ತಿ ಕೊಟ್ಟರೂ ಅದು ನಷ್ಟವೇ. ಹೊರದೇಶದ ವಿಡಿಯೋ ನೋಡಿ ಬಿಳಿ ತಗೊಳ್ಳುವವರು ಈ ಒಂದು ವಿಷಯ ಮರೆಯುತ್ತಾರೆ.

ತಿನ್ನುವವರ ಕಡೆಯಿಂದ ನೋಡಿದರೂ ಚರ್ಮದ ಪ್ರಶ್ನೆಯೇ ದೊಡ್ಡದು. 100 ಗ್ರಾಂ ಹಸಿ ಗೌಜಲು ಮಾಂಸದಲ್ಲಿ, ಚರ್ಮ ಇದ್ದರೆ ಸುಮಾರು 12 ಗ್ರಾಂ ಕೊಬ್ಬು, 19-20 ಗ್ರಾಂ ಪ್ರೋಟೀನು. ಚರ್ಮ ತೆಗೆದರೆ ಕೊಬ್ಬು ಸುಮಾರು 4.5 ಗ್ರಾಂಗೆ ಇಳಿಯುತ್ತದೆ, ಪ್ರೋಟೀನು 21-22 ಗ್ರಾಂ ಆಗುತ್ತದೆ. ಕೊಬ್ಬು ಕಮ್ಮಿ ಬೇಕು ಅನ್ನುವವರಿಗೆ ಇದಕ್ಕಿಂತ ಸುಲಭದ ದಾರಿ ಇಲ್ಲ. ಆದರೆ ಸುಲಿದ ಹಕ್ಕಿ ಬೇಗ ಒಣಗುತ್ತದೆ, ಪೆಪ್ಪರ್ ಫ್ರೈ ಮಾಡುವಾಗ ಉರಿ ಮೇಲೆ ಕಣ್ಣಿರಲಿ. ಮುದ್ದೆಗೆ ಸಾರು ಮಾಡುವುದಾದರೆ ಆ ತೊಂದರೆ ಇಲ್ಲ.

ಗೋಲ್ಡನ್: ನಾನು ಪೆಟ್ಟು ತಿಂದ ಕಥೆ

ಗೋಲ್ಡನ್ ಅಥವಾ ಮಂಚೂರಿಯನ್ ಗೋಲ್ಡನ್ ಅಂತ ಕರೆಯುವ ಹಳದಿ ಗೌಜಲು ನೋಡುವುದಕ್ಕೆ ಎಲ್ಲಕ್ಕಿಂತ ಚೆಂದ. ಮೊದಲ ಸಲ ತಂದಾಗ ಮಾರಿದವರು ಇದು ಸ್ಪೆಷಲ್ ಮಾಂಸದ ತಳಿ ಅಂದರು, ಕಂದು ಮರಿಗಿಂತ ಜಾಸ್ತಿ ದುಡ್ಡು ತಗೊಂಡರು. ಸಾಕಿದೆ, ಚೆನ್ನಾಗಿ ಬೆಳೆದವು. ನಮ್ಮದೇ ಮರಿ ಮಾಡಿಕೊಳ್ಳೋಣ ಅಂತ ಗೋಲ್ಡನ್ ಗಂಡು ಗೋಲ್ಡನ್ ಹೆಣ್ಣು ಜೋಡಿ ಮಾಡಿ ಮೊಟ್ಟೆಯನ್ನು ಇನ್‌ಕ್ಯುಬೇಟರಿಗೆ, ಅಂದರೆ ಕಾವು ಕೊಡುವ ಯಂತ್ರಕ್ಕೆ, ಇಟ್ಟೆ. ಗೌಜಲು ಮೊಟ್ಟೆ 17-18 ದಿನಕ್ಕೆ ಒಡೆಯುತ್ತದೆ. ಒಡೆದವು, ಆದರೆ ಕಮ್ಮಿ. ಮುಂದಿನ ಸಲವೂ ಕಮ್ಮಿ. ಮೇಲಾಗಿ, ಹುಟ್ಟಿದ್ದರಲ್ಲಿ ಕೆಲವು ಮಾಮೂಲಿ ಕಂದು! ನಾನು ಇನ್‌ಕ್ಯುಬೇಟರ್ ಮೇಲೆ ಅನುಮಾನ ಪಟ್ಟೆ. ಥರ್ಮಾಮೀಟರ್ ಬದಲಾಯಿಸಿದೆ, ನೀರಿನ ತಟ್ಟೆ ದೊಡ್ಡದು ಇಟ್ಟೆ, ಕರೆಂಟು ಹೋದಾಗಲೆಲ್ಲ ರಾತ್ರಿ ಎದ್ದು ಕೂತೆ. ಏನೂ ಸರಿ ಹೋಗಲಿಲ್ಲ.

ತಪ್ಪು ಯಂತ್ರದ್ದಲ್ಲ, ಜೀನ್‌ನದು. ಹಳದಿ ಬಣ್ಣದ ಈ ಜೀನ್ ಒಂದು ಪ್ರತಿ ಇದ್ದರೆ ಹಕ್ಕಿ ಗೋಲ್ಡನ್ ಆಗುತ್ತದೆ. ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಹೀಗೆ ಎರಡೂ ಬಂದರೆ ಮರಿ ಮೊಟ್ಟೆಯಲ್ಲೇ ಸಾಯುತ್ತದೆ. ಅಂದರೆ ಬದುಕಿರುವ ಪ್ರತಿ ಗೋಲ್ಡನ್ ಹಕ್ಕಿಯಲ್ಲೂ ಒಂದು ಹಳದಿ ಪ್ರತಿ, ಒಂದು ಕಂದು ಪ್ರತಿ ಇದ್ದೇ ಇರುತ್ತದೆ. ಲೆಕ್ಕ ನೋಡಿ. ಗೋಲ್ಡನ್‌ಗೆ ಗೋಲ್ಡನ್ ಜೋಡಿ ಮಾಡಿದರೆ, ಗಂಡು ಕೂಡಿದ 100 ಮೊಟ್ಟೆಯಲ್ಲಿ ಸರಾಸರಿ 25 ಮರಿ ಒಳಗೇ ಸಾಯುತ್ತವೆ, 50 ಗೋಲ್ಡನ್, 25 ಕಂದು. ಗೋಲ್ಡನ್‌ಗೆ ಕಂದು ಜೋಡಿ ಮಾಡಿದರೆ 50 ಗೋಲ್ಡನ್, 50 ಕಂದು, ಜೀನ್ ಕಾರಣಕ್ಕೆ ಒಂದೂ ಸಾಯುವುದಿಲ್ಲ. ಗೋಲ್ಡನ್ ಮರಿಯ ಸಂಖ್ಯೆ ಎರಡು ಕಡೆಯೂ ಒಂದೇ! ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ಎಷ್ಟು ರಾತ್ರಿ ನಿದ್ದೆ ಮಾಡಬಹುದಿತ್ತು. ಗೋಲ್ಡನ್ ಇಷ್ಟಪಡುವವರು ದಯವಿಟ್ಟು ಗೋಲ್ಡನ್-ಗೋಲ್ಡನ್ ಜೋಡಿ ಹಾಕಬೇಡಿ.

ಮಾಂಸದ ವಿಷಯಕ್ಕೆ ಬಂದರೆ, ಎಲ್ಲ ಬಣ್ಣಗಳಲ್ಲಿ ಗೋಲ್ಡನ್ ಮೇಲೆ ಮಾತ್ರ ಸ್ವಲ್ಪ ನ್ಯಾಯವಾದ ಅನುಮಾನ ಇದೆ. ಹಳದಿ ಮಾಡುವ ಜೀನ್ ಅಗೌಟಿ. ಇಲಿಗಳಲ್ಲೂ ಇದೇ ಜೀನ್ ಹೀಗೇ ಕೆಟ್ಟು ಹಳದಿ ಇಲಿ ಹುಟ್ಟುತ್ತದೆ, ಎರಡು ಪ್ರತಿ ಬಂದರೆ ಅಲ್ಲೂ ಮರಿ ಸಾಯುತ್ತದೆ, ಒಂದು ಪ್ರತಿಯ ಹಳದಿ ಇಲಿ ಬೆಳೆದ ಮೇಲೆ ವಿಪರೀತ ಕೊಬ್ಬುತ್ತದೆ. ಕೂದಲಿನ ಬುಡದಲ್ಲಿ ಮಾತ್ರ ಇರಬೇಕಾದ ಪ್ರೋಟೀನು ಮೈಯೆಲ್ಲ ತಯಾರಾಗಿ, ಹಸಿವನ್ನು ಹಿಡಿದಿಡುವ ಮೆದುಳಿನ ಸಂಕೇತಕ್ಕೆ ಅಡ್ಡ ಬರುವುದರಿಂದ ಹಾಗಾಗುತ್ತದೆ. ಹಾಗಾದರೆ ಗೌಜಲಿನಲ್ಲಿ? ಫ್ರಾನ್ಸಿನ ಇನ್ರಾ ಅನ್ನುವ ಕೃಷಿ ಸಂಶೋಧನಾ ಸಂಸ್ಥೆಯವರು ಹಳದಿ ಗೌಜಲಿನ ಬೆಳವಣಿಗೆ, ತಿನ್ನುವ ಮೇವು, ಮೈ ಬಿಸಿ, ಮೈಯ ಕೊಬ್ಬು ಎಲ್ಲವನ್ನೂ ಅಳೆದು 2007ರಲ್ಲಿ ಪ್ರಕಟಿಸಿದ್ದು ಈ ಕುತೂಹಲಕ್ಕೇ. ಅನುಮಾನ ಇರುವಾಗ ನಮ್ಮ ಕೆಲಸಕ್ಕೆ ಪಾಠ ಸಣ್ಣದು: ಗೋಲ್ಡನ್ ಹಕ್ಕಿಯನ್ನು ಐದು ವಾರ ದಾಟಿಸಿ ಇಟ್ಟುಕೊಂಡು ಕೂರಬೇಡಿ. ಹೊಟ್ಟೆಯೊಳಗೆ ಕೂರುವ ಕೊಬ್ಬಿಗೆ ನೀವು ಮೇವು ಹಾಕಿರುತ್ತೀರಿ, ಅಂಗಡಿಯಲ್ಲಿ ಅದು ಕಸದ ಬುಟ್ಟಿಗೆ ಹೋಗುತ್ತದೆ.

ಕಂದು: ಎಲ್ಲರೂ ಕಡೆಗಣಿಸುವ, ನಾನು ಮೆಚ್ಚುವ ಹಕ್ಕಿ

ಮಾಮೂಲಿ ಕಂದು ಪಟ್ಟೆಯ ಗೌಜಲಿನಲ್ಲಿ ಒಂದು ಅನುಕೂಲ ಇದೆ, ಅದು ಬಿಳಿಯಲ್ಲಿ ಇಲ್ಲವೇ ಇಲ್ಲ. ಮೂರು ವಾರಕ್ಕೆ ಗಂಡಿನ ಎದೆ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ, ಹೆಣ್ಣಿನ ಎದೆ ಮೇಲೆ ಕಪ್ಪು ಚುಕ್ಕೆ ಹಾಗೇ ಇರುತ್ತದೆ. ದೂರದಿಂದ ನೋಡಿಯೇ ಬೇರೆ ಮಾಡಬಹುದು. ಬಿಳಿಯಲ್ಲಿ ಒಂದೊಂದನ್ನೂ ಹಿಡಿದು, ಬೆಳೆಯುವವರೆಗೆ ಕಾದು, ಬಾಲದ ಕೆಳಗೆ ಒತ್ತಿ ನೊರೆ ಬರುತ್ತದಾ ನೋಡಬೇಕು, ಬಂದರೆ ಗಂಡು. ನೂರು ಹಕ್ಕಿ ಇದ್ದರೆ ಅರ್ಧ ದಿನ ಅದಕ್ಕೇ ಹೋಗುತ್ತದೆ.

ಇದಕ್ಕೂ ಮಾಂಸಕ್ಕೂ ಏನು ಸಂಬಂಧ ಅಂತೀರಾ? ಇದೆ. ಗೌಜಲಿನಲ್ಲಿ ಹೆಣ್ಣೇ ಗಂಡಿಗಿಂತ ತೂಕ, ಕೋಳಿಯ ಹಾಗಲ್ಲ. ಗಂಡು ಆರನೇ ವಾರಕ್ಕೆ ಬಲಿತು ಕಾದಾಟ ಶುರು ಮಾಡುತ್ತದೆ, ತಲೆ ಕುಕ್ಕಿ ರಕ್ತ ಬರಿಸುತ್ತದೆ, ಓಡಾಡಿ ಮಾಂಸ ಗಡುಸಾಗುತ್ತದೆ. ಮೂರನೇ ವಾರದಲ್ಲೇ ಬೇರೆ ಮಾಡಿದರೆ ಗಂಡನ್ನೆಲ್ಲ ಐದನೇ ವಾರ ಮಾಂಸಕ್ಕೆ ಕಳಿಸಿ, ಹೆಣ್ಣನ್ನು ಮೊಟ್ಟೆಗೆ ಉಳಿಸಿಕೊಳ್ಳಬಹುದು. ಬಣ್ಣದ ಜೀನ್ ಮಾಂಸದ ಗುಣಕ್ಕೆ ನಿಜವಾಗಿ ಸಹಾಯ ಮಾಡುವುದು ಹೀಗೆ, ಸುತ್ತು ದಾರಿಯಲ್ಲಿ.

ಇದಕ್ಕಿಂತ ಚೆಂದದ ಇನ್ನೊಂದು ದಾರಿ ಇದೆ. ಕೆಲವು ಬಣ್ಣದ ಜೀನ್‌ಗಳು ಲಿಂಗ ನಿರ್ಧರಿಸುವ ಝಡ್ ಕ್ರೋಮೋಸೋಮಿನ (ಜೀನ್‌ಗಳನ್ನು ಹೊತ್ತಿರುವ ಎಳೆಯ) ಮೇಲೆ ಇವೆ. ರೂ ಅಂತ ಕರೆಯುವ ತಿಳಿಗೆಂಪು ಬಣ್ಣ ಅಂಥದ್ದು. ಹಕ್ಕಿಗಳಲ್ಲಿ ಗಂಡಿಗೆ ಝಡ್ ಎರಡು, ಹೆಣ್ಣಿಗೆ ಒಂದೇ. ರೂ ಗಂಡಿಗೆ ಮಾಮೂಲಿ ಕಂದು ಹೆಣ್ಣು ಜೋಡಿ ಮಾಡಿದರೆ, ಹೆಣ್ಣು ಮರಿ ಅಪ್ಪನ ಒಂದೇ ಝಡ್ ಪಡೆದು ತಿಳಿ ಬಣ್ಣದ್ದಾಗಿ ಹುಟ್ಟುತ್ತದೆ, ಗಂಡು ಮರಿ ಅಮ್ಮನ ಝಡ್ಡೂ ಇರುವುದರಿಂದ ಕಂದಾಗಿಯೇ ಹುಟ್ಟುತ್ತದೆ. ಮೊಟ್ಟೆ ಒಡೆದ ದಿನವೇ ಗಂಡು ಯಾವುದು ಹೆಣ್ಣು ಯಾವುದು ಗೊತ್ತು! ಜೋಡಿ ತಿರುಗಾಮುರುಗಾ ಹಾಕಿದರೆ ಮಾತ್ರ ಈ ಅನುಕೂಲ ಸಿಗುವುದಿಲ್ಲ. ಚೀನಾದಲ್ಲಿ ಹಳದಿ ಗರಿಯ ಗೌಜಲು ಬಳಸಿ ದೊಡ್ಡ ಮಟ್ಟದಲ್ಲಿ ಹೀಗೇ ಮರಿ ಬೇರೆ ಮಾಡುತ್ತಾರೆ. ಆ ಹಳದಿ ಬೇರೆ, ಮೇಲೆ ಹೇಳಿದ ಸಾಯಿಸುವ ಹಳದಿ ಬೇರೆ, ಎರಡನ್ನೂ ಕಲೆಸಬೇಡಿ.

ಅಪರೂಪದ ಬಣ್ಣಗಳು

ಸಿಲ್ವರ್, ಲ್ಯಾವೆಂಡರ್, ಪಾಂಡಾ, ಕೆಂಪು ಕಣ್ಣಿನ ಅರೆ ಬಿಳುಪು. ಮಾಂಸಕ್ಕೆ ಅಂತ ಇವನ್ನು ತರಬೇಡಿ. ಸಿಲ್ವರ್ ಜೀನ್ ಎರಡು ಪ್ರತಿ ಬಂದರೆ ಕಣ್ಣಿನ ಒಳಪದರವೇ (ರೆಟಿನಾ) ಸರಿಯಾಗಿ ಬೆಳೆಯುವುದಿಲ್ಲ. ಆದರೆ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಬೇರೆಯೇ ತೊಂದರೆ. ಅಪರೂಪದ ಬಣ್ಣ ಉಳಿಸಿಕೊಳ್ಳಲು ಜನ ಅಣ್ಣ-ತಂಗಿಯನ್ನೇ ಜೋಡಿ ಹಾಕುತ್ತಾ ಹೋಗುತ್ತಾರೆ. ಒಳಜೋಡಿಗೆ ಕೋಳಿಗಿಂತ ಗೌಜಲು ಬಹಳ ಬೇಗ ಸೋಲುತ್ತದೆ, ಕೆಲವೇ ತಲೆಮಾರಿನಲ್ಲಿ ಮೊಟ್ಟೆ ಒಡೆಯುವುದಿಲ್ಲ, ಮರಿ ಸಣ್ಣ, ಸಾವು ಜಾಸ್ತಿ. ಆಮೇಲೆ ಈ ಬಣ್ಣವೇ ಹೀಗೆ ಅಂತ ಬಯ್ಯುತ್ತಾರೆ. ಪಾಪ, ಬಣ್ಣ ಏನು ಮಾಡೀತು.

ಹಾಗಾದರೆ ಮಾಂಸ ಚೆನ್ನಾಗಿರಲು ಏನು ನೋಡಬೇಕು

ಮರಿ ಹುಟ್ಟಿದಾಗ 7-8 ಗ್ರಾಂ. ಒಳ್ಳೆ ಮಾಂಸದ ತಳಿಯಾದರೆ ಐದು ವಾರಕ್ಕೆ 180-200 ಗ್ರಾಂ ಮುಟ್ಟಬೇಕು. ಮಾರುವವರಲ್ಲಿ ಬಣ್ಣ ಕೇಳುವ ಬದಲು, ಐದನೇ ವಾರದ ತೂಕ ಎಷ್ಟು ಅಂತ ಕೇಳಿ, ಸಾಧ್ಯವಾದರೆ ಎದುರಿಗೇ ತಕ್ಕಡಿ ಮೇಲೆ ಇಡಿಸಿ. ಅಪ್ಪ-ಅಮ್ಮ ಹಕ್ಕಿಗಳು ಎಲ್ಲಿಂದ ಬಂದವು, ಹೊಸ ರಕ್ತ ಯಾವಾಗ ಸೇರಿಸಿದರು ಅಂತ ಕೇಳಿ. ಮೊದಲ ಮೂರು ವಾರ ಪ್ರೋಟೀನು 24ರಿಂದ 27 ಶೇಕಡಾ ಇರುವ ಮೇವು ಬೇಕು, ಮೊಟ್ಟೆ ಕೋಳಿಗೆ ಕೊಡುವ ಲೇಯರ್ ಮೇವು ಹಾಕಿ ಸಾಕಿದರೆ ಯಾವ ಬಣ್ಣದ ಹಕ್ಕಿಯೂ ಎದೆ ತುಂಬಿಕೊಳ್ಳುವುದಿಲ್ಲ. ಕೊಯ್ಯುವ ದಿನ ಅಟ್ಟಾಡಿಸಿ ಹಿಡಿಯಬೇಡಿ. ಬಹಳ ಹೊತ್ತು ಹೆದರಿ ಒದ್ದಾಡಿದ ಹಕ್ಕಿಯ ಸ್ನಾಯುವಿನಲ್ಲಿ ಸಕ್ಕರೆ ಖಾಲಿಯಾಗಿ ಮಾಂಸ ಕಪ್ಪಗೆ, ಅಂಟಂಟಾಗಿ ಆಗುತ್ತದೆ, ಬೇಗ ಕೆಡುತ್ತದೆ. ಕತ್ತಲಲ್ಲಿ ಮೆಲ್ಲಗೆ ಎತ್ತಿಕೊಂಡರೆ ಆಯಿತು.

ಇಷ್ಟು ಹೇಳಿದ ಮೇಲೂ ಬಣ್ಣಕ್ಕೂ ಮಾಂಸಕ್ಕೂ ಏನೋ ಇದೆ ಅನ್ನಿಸಿದರೆ ನೀವೇ ಪರೀಕ್ಷೆ ಮಾಡಿ ನೋಡಬಹುದು. ಎರಡು ಬೇರೆ ಫಾರ್ಮಿನ ಎರಡು ಬಣ್ಣದ ಹಕ್ಕಿ ತಂದು ಹೋಲಿಸಿದರೆ ಏನೂ ತಿಳಿಯುವುದಿಲ್ಲ, ತಳಿ ಬೇರೆ, ಮೇವು ಬೇರೆ, ವಯಸ್ಸು ಬೇರೆ. ಹೋಲಿಸಬೇಕಾದ್ದು ಒಂದೇ ತಟ್ಟೆಯಲ್ಲಿ ಹುಟ್ಟಿದ ಅಣ್ಣ-ತಮ್ಮಂದಿರನ್ನು. ಗೋಲ್ಡನ್-ಕಂದು ಜೋಡಿಯಲ್ಲಿ ಅರ್ಧ ಗೋಲ್ಡನ್, ಅರ್ಧ ಕಂದು ಹುಟ್ಟುತ್ತವೆ ಅಂದೆನಲ್ಲ, ಅದೇ ಇದಕ್ಕೆ ಹೇಳಿ ಮಾಡಿಸಿದ ಬ್ಯಾಚು. ಒಂದೇ ಗೂಡು, ಒಂದೇ ಮೇವು. ಐದನೇ ವಾರ ಗಂಡಿಗೆ ಗಂಡು, ಹೆಣ್ಣಿಗೆ ಹೆಣ್ಣು ತೂಕ ಹಾಕಿ. ಕೊಯ್ದು, ಹೊಟ್ಟೆಯೊಳಗಿನ ಕೊಬ್ಬನ್ನು ಬೇರೆ ತೂಗಿ. ಎದೆ ಮಾಂಸ ಬೇಯಿಸುವ ಮೊದಲು ಒಮ್ಮೆ, ಬೇಯಿಸಿದ ಮೇಲೆ ಒಮ್ಮೆ ತೂಗಿದರೆ ಎಷ್ಟು ನೀರು ಬಿಟ್ಟಿತು ಗೊತ್ತಾಗುತ್ತದೆ. ನಾವು ಹೀಗೆ ಮಾಡಿದಾಗ ಉಪ್ಪು ಮಾತ್ರ ಹಾಕಿ ಬೇಯಿಸಿ, ಯಾವುದು ಯಾವುದು ಅಂತ ಹೇಳದೆ ಮನೆಯವರ ಮುಂದೆ ಎರಡು ಬಟ್ಟಲು ಇಟ್ಟೆ. ಅಮ್ಮ ಎರಡೂ ತಿಂದು ನೋಡಿದರು, ಮತ್ತೆ ಒಂದೊಂದು ತುಂಡು ತಿಂದರು, ಎರಡೂ ಒಂದೇ ಕಣೋ ಅಂದರು.

ಈಗ ನಮ್ಮ ಗೂಡಿನಲ್ಲಿ ಮಾಂಸಕ್ಕೆ ಕಂದು ಹಕ್ಕಿಗಳೇ ಇವೆ, ಸುಲಿದು ಮಾರುತ್ತೇವೆ. ಎರಡು ಗೋಲ್ಡನ್ ಗಂಡು ಉಳಿಸಿಕೊಂಡಿದ್ದೇನೆ, ಎರಡಕ್ಕೂ ಕಂದು ಹೆಣ್ಣನ್ನೇ ಬಿಟ್ಟಿದ್ದೇನೆ.